ಮಾರ್ಪಡಿಸಿದ ಸ್ಪೋರ್ಟ್ಸ್ ಕಾರು: ದುರಸ್ತಿಯ ಲೆಕ್ಕಾಚಾರ

1994ರಿಂದ 1999ರವರೆಗೆ ತಯಾರಾದ ಫೆರಾರಿ ಎಫ್ 355 ಕಾರಿನ ಟೈಮಿಂಗ್ ಬೆಲ್ಟ್ ಬದಲಾವಣೆಗೆ ಎಂಜಿನನ್ನೇ ಕೆಳಗಿಳಿಸುವುದು ವಾಡಿಕೆ. ಕಾರು ಓಡಲಿ, ನಿಂತಿರಲಿ, ಬೆಲ್ಟ್ ಹಳತಾಗುವುದು ತಪ್ಪದು. ಅದು ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ ಹಾಳಾದೀತು. ಹಿಂದಿನ ಮಾಲೀಕರು ಎಕ್ಸಾಸ್ಟ್, ವೈರಿಂಗ್‌ಗಳನ್ನು ಮಾರ್ಪಡಿಸಿದ್ದಲ್ಲಿ ತಯಾರಕರ ಕೈಪಿಡಿಯೂ ಪೂರ್ತಿ ನೆರವಾಗದು. ಮಾರ್ಪಾಡಿನ ಬಿಲ್ಲುಗಳು, ತೆಗೆದಿರಿಸಿದ ಮೂಲ ಬಿಡಿಭಾಗಗಳು ದೊರೆಯದಿದ್ದರೆ ಮೆಕ್ಯಾನಿಕ್‌ಗೆ ತೆರುವ ಕೂಲಿಯ ಗಣನೀಯ ಪಾಲು ಬರಿಯ ಹುಡುಕಾಟಕ್ಕೇ ಸಲ್ಲುತ್ತದೆ. ಖರೀದಿಗೆ ಮುನ್ನವೇ ಇವನ್ನು ಕೇಳಿ ಪಡೆಯುವುದು ಲೇಸು. ಕಾರಿನ ಹೊಳಪಿಗಿಂತ ಈ ಕಡತಕ್ಕೇ ಬೆಲೆ ಹೆಚ್ಚು.

ನಮ್ಮಲ್ಲಿ ದುಬಾರಿ ಕಾರುಗಳನ್ನು ಸಂಸ್ಥೆಯ ಹೆಸರಿನಲ್ಲಿ ಕೊಳ್ಳುವವರು ಇನ್ನೊಂದು ಅಂಶವನ್ನು ಗಮನಿಸತಕ್ಕದ್ದು. ನಿರ್ದೇಶಕರ ಓಡಾಟಕ್ಕೆ ಬಳಸುವ ಕಾರಿನ ದುರಸ್ತಿ ಬಿಲ್ಲಿನ ಮೇಲಿನ ಜಿಎಸ್‌ಟಿಗೆ, 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನನ್ವಯ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ.