ಲಿತ್ ಪ್ರಿಂಟಿನ ಬಣ್ಣ ಮತ್ತು ಬೆಳ್ಳಿಯ ಕಣ

ಕಪ್ಪು-ಬಿಳುಪು ಛಾಯಾಚಿತ್ರದ ಕಾಗದದಲ್ಲಿ ಚಿತ್ರಕ್ಕೆ ಬಣ್ಣ ಕೊಡುವ ಯಾವ ವರ್ಣದ್ರವ್ಯವೂ ಇರುವುದಿಲ್ಲ. ಆದರೂ ಲಿತ್ ವಿಧಾನದಲ್ಲಿ ತಯಾರಾದ ಪ್ರಿಂಟಿನಲ್ಲಿ ತಿಳಿ ಭಾಗಗಳು ಹಳದಿ, ಗುಲಾಬಿ ಅಥವಾ ಕಂದು ಛಾಯೆ ತಳೆದು, ದಟ್ಟ ನೆರಳುಗಳು ಮಾತ್ರ ಅಚ್ಚ ಕಪ್ಪಾಗಿರುತ್ತವೆ. ಇದಕ್ಕೆ ಕಾರಣ ಬೆಳ್ಳಿಯ ಕಣಗಳ ಗಾತ್ರ. ಬೆಳಕು ಬಿದ್ದ ಬೆಳ್ಳಿಯ ಲವಣವನ್ನು ಲೋಹವಾಗಿಸುವ ದ್ರಾವಣವಾದ ಡೆವಲಪರ್ ಕೆಲಸ ಆರಂಭಿಸಿದಾಗ ಹುಟ್ಟುವ ಅತಿ ಸಣ್ಣ ಕಣಗಳು ನೀಲಿ ಬೆಳಕನ್ನು ಹೆಚ್ಚಾಗಿ ಹೀರಿಕೊಳ್ಳುವುದರಿಂದ ಬೆಚ್ಚಗಿನ ಬಣ್ಣ ಕಾಣುತ್ತದೆ. ಅವೇ ಬೆಳೆದು ತಂತುಗಳ ಗೋಜಲಾದಾಗ ಎಲ್ಲ ಬಣ್ಣದ ಬೆಳಕನ್ನೂ ಹೀರಿ ಕಪ್ಪಾಗುತ್ತವೆ. ಹಾಗಾಗಿ ಲಿತ್ ಪ್ರಿಂಟಿನ ಬಣ್ಣವನ್ನು ಹತೋಟಿಗೆ ತರುವುದೆಂದರೆ ಈ ಬೆಳವಣಿಗೆಯನ್ನು ಹತೋಟಿಗೆ ತರುವುದು.

ಚಿತ್ರವನ್ನು ಚುಕ್ಕಿಗಳಾಗಿ ಒಡೆದು ಅಚ್ಚಿಗೆ ಸಿದ್ಧಗೊಳಿಸುವ ಫಿಲ್ಮಿಗಾಗಿ ಮುದ್ರಣೋದ್ಯಮ ರೂಪಿಸಿಕೊಂಡ ಲಿತ್ ಡೆವಲಪರಿನಲ್ಲಿ ಹೈಡ್ರೊಕ್ವಿನೋನ್ ಒಂದೇ ಕ್ರಿಯಾಶೀಲ ರಾಸಾಯನಿಕವಾಗಿದ್ದು, ಸಲ್ಫೈಟಿನ ಪ್ರಮಾಣವನ್ನು ಬಹಳ ಕಡಿಮೆ ಇಡಲಾಗುತ್ತದೆ. ಸಾಮಾನ್ಯ ಡೆವಲಪರಿನಲ್ಲಿ ಹೈಡ್ರೊಕ್ವಿನೋನಿನ ಉತ್ಕರ್ಷಣದಿಂದ ಹುಟ್ಟುವ ಪದಾರ್ಥಗಳನ್ನು ಸಲ್ಫೈಟ್ ಕೂಡಲೇ ನಿಷ್ಕ್ರಿಯಗೊಳಿಸುತ್ತದೆ. ಇಲ್ಲಿ ಅವು ಉಳಿದು, ಅಕ್ಕಪಕ್ಕದ ಕಣಗಳನ್ನೂ ಎಬ್ಬಿಸಿ, ಕ್ರಿಯೆಯ ವೇಗವನ್ನು ತಾವೇ ಹೆಚ್ಚಿಸುತ್ತವೆ. ಸೋಂಕಿನಂತೆ ಹರಡುವ ಈ ಕ್ರಿಯೆಯನ್ನು ಕೊಡಾಕ್ ಸಂಸ್ಥೆಯ ಜೆ. ಎ. ಸಿ. ಯೂಲ್ 1945ರ ಪ್ರಬಂಧವೊಂದರಲ್ಲಿ ವಿವರಿಸಿದರು.

ಕತ್ತಲೆಕೋಣೆಯಲ್ಲಿ ಕಾಗದಕ್ಕೆ ಎರಡರಿಂದ ನಾಲ್ಕು ಸ್ಟಾಪ್‌ನಷ್ಟು, ಅಂದರೆ ವಾಡಿಕೆಗಿಂತ 4ರಿಂದ 16 ಪಟ್ಟು ಬೆಳಕು ಕೊಟ್ಟು, ಬಹಳ ತೆಳುವಾಗಿಸಿದ ಲಿತ್ ಡೆವಲಪರಿನಲ್ಲಿ ಅದನ್ನು ಹಲವು ನಿಮಿಷ ಅಲುಗಾಡಿಸಲಾಗುತ್ತದೆ. ಮೊದಲು ಏನೂ ಕಾಣಿಸದು. ನಂತರ ಮಸುಕು ಚಿತ್ರವೊಂದು ನಿಧಾನವಾಗಿ ಮೂಡಿ, ಒಂದು ಹಂತದಲ್ಲಿ ಸೋಂಕಿನಂತಹ ಆ ಕ್ರಿಯೆಯಿಂದ ನೆರಳುಗಳು ಒಮ್ಮೆಲೇ ಕಪ್ಪಾಗತೊಡಗುತ್ತವೆ. ಬೆಲ್ಲದ ಪಾಕವನ್ನು ಎಳೆ ಬಂದ ಗಳಿಗೆಯಲ್ಲೇ ಇಳಿಸುವಂತೆ, ಕಾಗದವನ್ನು ಆ ಹದದಲ್ಲಿಯೇ ಎತ್ತಿ, ಕ್ರಿಯೆಯನ್ನು ನಿಲ್ಲಿಸುವ ಸ್ಟಾಪ್ ಬಾತಿಗೆ ಹಾಕಬೇಕಾಗುತ್ತದೆ. ಗಡಿಯಾರ ಇಲ್ಲಿ ಹೆಚ್ಚು ನೆರವಾಗದು. ಕತ್ತಲೆಕೋಣೆಯ ಕೆಂಪು ದೀಪವಾದ ಸೇಫ್‌ಲೈಟಿನಡಿ ಬಣ್ಣ ತಿಳಿಯುವುದಿಲ್ಲವಾದ್ದರಿಂದ ಕಣ್ಣಿಗೆ ಉಳಿಯುವ ಆಧಾರ ಕಪ್ಪಿನ ದಟ್ಟಣೆ ಮಾತ್ರ. ನೆರಳುಗಳನ್ನು ಕಾಗದ ಎತ್ತುವ ಗಳಿಗೆ ನಿರ್ಧರಿಸಿದರೆ, ತಿಳಿ ಭಾಗಗಳನ್ನು ಆರಂಭದಲ್ಲಿ ಕೊಟ್ಟ ಬೆಳಕು ನಿರ್ಧರಿಸುತ್ತದೆ. ಬೆಳಕು ಹೆಚ್ಚಿದಷ್ಟೂ ನೆರಳು ಬೇಗ ಹದಕ್ಕೆ ಬರುವುದರಿಂದ ಉಳಿದ ಭಾಗದ ಕಣಗಳು ಸಣ್ಣವಾಗಿಯೇ ಉಳಿದು, ಬಣ್ಣ ಬೆಚ್ಚಗಾಗಿ ವೈದೃಶ್ಯ ತಗ್ಗುತ್ತದೆ. ಡೆವಲಪರ್ ತೆಳುವಾದಷ್ಟೂ ಬಣ್ಣ ಕೂಡುತ್ತದೆ, ಕಾಯುವಿಕೆಯೂ ಬೆಳೆಯುತ್ತದೆ. ಕಾಯುವಿಕೆಯನ್ನು ತಗ್ಗಿಸಲು ಕೆಲವರು ದ್ರಾವಣವನ್ನು ಬಿಸಿಯಾಗಿಡುತ್ತಾರೆ.

ನಿಜವಾದ ತೊಡಕು ಡೆವಲಪರಿನ ಟ್ರೇಯಲ್ಲಿದೆ. ಪ್ರತಿ ಹಾಳೆಯೂ ಹೈಡ್ರೊಕ್ವಿನೋನನ್ನು ಕಬಳಿಸಿ, ಕ್ರಿಯೆಯನ್ನು ತಡೆಯುವ ಬ್ರೋಮೈಡನ್ನು ಬಿಟ್ಟುಹೋಗುತ್ತದೆ. ಗಾಳಿಯೂ ದ್ರಾವಣವನ್ನು ಹಳಸುತ್ತದೆ. ಹೀಗಾಗಿ ಅದೇ ನೆಗೆಟಿವ್, ಅದೇ ಬೆಳಕು ಇದ್ದರೂ ಮೊದಲ ಪ್ರಿಂಟಿಗೂ ಐದನೆಯದಕ್ಕೂ ಬಣ್ಣ ಹೊಂದುವುದಿಲ್ಲ, ಎಷ್ಟೋ ವೇಳೆ ಮೊದಲನೆಯದೇ ಸಪ್ಪೆಯಾಗಿರುತ್ತದೆ. ಇದನ್ನು ಬಲ್ಲ ಕಸಬುದಾರರು ಹಿಂದಿನ ಸಲದ ಕಂದು ದ್ರಾವಣವನ್ನು ಎತ್ತಿಟ್ಟು ಹೊಸದಕ್ಕೆ ಬೆರೆಸುತ್ತಾರೆ; ಪ್ರತಿ ಹಾಳೆಯ ಬಳಿಕ ಅಳೆದ ಪ್ರಮಾಣದಲ್ಲಿ ತಾಜಾ ಡೆವಲಪರ್ ಸೇರಿಸುತ್ತಾರೆ. ದ್ರಾವಣ ಬಹಳ ಹಳತಾದರೆ ಕರಿಮೆಣಸಿನ ಪುಡಿ ಚೆಲ್ಲಿದಂತಹ ಕರಿಚುಕ್ಕೆಗಳೇಳುತ್ತವೆ, ಚಿಟಿಕೆ ಸೋಡಿಯಂ ಸಲ್ಫೈಟ್ ಅವನ್ನು ತಗ್ಗಿಸಬಲ್ಲದು.

ಕಾಗದದ ಪಾತ್ರವೂ ಸಣ್ಣದಲ್ಲ. ಡೆವಲಪರನ್ನು ತನ್ನ ಪದರದಲ್ಲೇ ಅಡಗಿಸಿಕೊಂಡ ಆಧುನಿಕ ಕಾಗದಗಳು ಈ ವಿಧಾನಕ್ಕೆ ಒಗ್ಗವು. ಚೆಕ್ ದೇಶದ ಫೋಮಾಟೋನ್‌ನಂತಹ ಕ್ಲೋರೋಬ್ರೋಮೈಡ್ ಕಾಗದಗಳು ಧಾರಾಳವಾಗಿ ಬಣ್ಣ ಕೊಡುತ್ತವೆ. ಯಾವ ಕಾಗದವಾದರೂ ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣವಾದ ಫಿಕ್ಸರಿನಲ್ಲಿ ತಿಳಿ ಭಾಗಗಳು ಇನ್ನಷ್ಟು ತಿಳಿಯಾಗಿ, ಒಣಗಿದಾಗ ಮತ್ತೆ ಗಾಢವಾಗಿ ಛಾಯೆ ಬದಲಿಸುವುದರಿಂದ, ಪರೀಕ್ಷೆಯ ತುಂಡನ್ನು ಒಣಗಿಸಿ ನೋಡದೆ ಮುಂದಿನ ಹಾಳೆಯ ಬೆಳಕನ್ನು ತಿದ್ದುವುದರಲ್ಲಿ ಅರ್ಥವಿಲ್ಲ.