ಸ್ಟಾರ್ಟ್ ಆಗಿ ಎರಡೇ ಸೆಕೆಂಡಿಗೆ ಆಫ್: ಇಮೊಬಿಲೈಸರ್ ತೊಂದರೆ ಹುಡುಕೋದು ಹೇಗೆ?

ಇವತ್ತು ಕಾರಿನ ಇಮೊಬಿಲೈಸರ್ ಬಗ್ಗೆ ಮಾತಾಡೋಣ. ಹೆಸರು ದೊಡ್ಡದು, ಕೆಲಸ ಒಂದೇ: ಸರಿಯಾದ ಕೀ ಇಲ್ಲದಿದ್ದರೆ ಎಂಜಿನ್ ಓಡೋಕೆ ಬಿಡಬಾರದು. ಆದರೆ ಇದು ಕೈಕೊಟ್ಟ ದಿನ ಕಾರು ನಮ್ಮನ್ನೇ ಕಳ್ಳ ಅಂದುಕೊಳ್ಳುತ್ತೆ.

ನನಗೆ ಆಗಿದ್ದು ಹೇಳ್ತೀನಿ. ನಾನಿರೋದು ಪುಣೆಯ ವಾಕಡ್‌ನಲ್ಲಿ. ಹುಬ್ಬಳ್ಳಿಯಲ್ಲಿ ಮಾರನೇ ದಿನ ಅಪ್ಪನ ಕಣ್ಣಿನ ಆಪರೇಷನ್. ಬೆಳಗಿನ ಜಾವ ಐದಕ್ಕೆ ಬ್ಯಾಗ್ ಇಟ್ಟು ಕೀ ತಿರುಗಿಸಿದೆ. ಎಂಜಿನ್ ಸ್ಟಾರ್ಟ್ ಆಯ್ತು, ಎರಡು ಸೆಕೆಂಡಿಗೆ ನಿಂತೋಯ್ತು. ಮತ್ತೆ ತಿರುಗಿಸಿದೆ, ಮತ್ತೆ ಅದೇ. ಮೀಟರ್ ಬೋರ್ಡಿನಲ್ಲಿ ಕೀ ಚಿತ್ರದ ಲೈಟ್ ಪಟಪಟ ಮಿಟುಕುತ್ತಿತ್ತು. ಎಂಟಕ್ಕೆ ಬಂದ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ನೋಡಿ, "ಇಸಿಎಂ ಗಯಾ ಸಾಬ್, ಪೈಂತೀಸ್ ಹಜಾರ್" ಅಂದ. ಇನ್ನೊಂದು ಕೀ ಇದೆಯಾ ಅಂತ ಅವನು ಕೇಳಲಿಲ್ಲ. ಕೇಳಿದ್ದರೂ ನನ್ನ ಹತ್ತಿರ ಇರಲಿಲ್ಲ, ಅದು ಅಮ್ಮನ ತಿಜೋರಿಯಲ್ಲಿತ್ತು. ಕಾರು ಪಾರ್ಕಿಂಗ್‌ನಲ್ಲೇ ಬಿಟ್ಟು ಬಸ್ ಹತ್ತಿದೆ.

ಒಳಗೆ ಏನು ನಡೆಯುತ್ತೆ?

ಆಫೀಸಿನ ಐಡಿ ಕಾರ್ಡ್ ನೆನಪು ಮಾಡ್ಕೊಳ್ಳಿ. ಅದರಲ್ಲಿ ಬ್ಯಾಟರಿ ಇಲ್ಲ. ಬಾಗಿಲ ಪಕ್ಕದ ರೀಡರ್ ಹತ್ತಿರ ಹಿಡಿದರೆ, ರೀಡರ್‌ನಿಂದಲೇ ಪವರ್ ಪಡೆದು ತನ್ನ ಗುರುತು ಹೇಳುತ್ತೆ. ಕಾರಿನ ಕೀ ಹಿಡಿಯೊಳಗೂ ಅಂಥದ್ದೇ ಪುಟ್ಟ ಚಿಪ್ ಇದೆ, ಟ್ರಾನ್ಸ್‌ಪಾಂಡರ್ ಅಂತ. ಕೀ ಹಾಕುವ ತೂತಿನ ಸುತ್ತ ತಾಮ್ರದ ತಂತಿಯ ಕಾಯಿಲ್ ಇರುತ್ತೆ, ಅದೇ ರೀಡರ್. ಹೆಚ್ಚಿನ ಕಾರುಗಳಲ್ಲಿ ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಮಾತುಕತೆ. ಕಾರು ಪ್ರಶ್ನೆ ಕಳಿಸುತ್ತೆ, ಚಿಪ್ ಉತ್ತರ ಕೊಡುತ್ತೆ. ಉತ್ತರ ತಾಳೆಯಾಗದಿದ್ದರೆ ಎಂಜಿನ್ ಕಂಪ್ಯೂಟರ್, ಅಂದ್ರೆ ಇಸಿಎಂ, ಇಂಧನ ನಿಲ್ಲಿಸುತ್ತೆ. ಕೆಲವು ಕಾರುಗಳಲ್ಲಿ ಸ್ಟಾರ್ಟರ್ ಕೂಡ ತಿರುಗಲ್ಲ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ.

ಹಾಗಾಗಿ ತೊಂದರೆ ನಾಲ್ಕು ಕಡೆ ಇರಬಹುದು: ಕಾರಿನ ಬ್ಯಾಟರಿ, ಕೀ ಚಿಪ್, ಕಾಯಿಲ್ ಮತ್ತು ಅದರ ವೈರಿಂಗ್, ಕೊನೆಗೆ ಕಂಪ್ಯೂಟರ್. ನಾವು ಕೋಡ್ ಡಿಬಗ್ ಮಾಡೋ ಥರಾನೇ, ಅಗ್ಗದ್ದು ಮೊದಲು, ಒಂದು ಸಲಕ್ಕೆ ಒಂದೇ ಬದಲಾವಣೆ.

ಹುಡುಕುವ ಕ್ರಮ

1. ಶಬ್ದ ಕೇಳಿ. ಬರೀ "ಟಕ್ ಟಕ್" ಅಂದು ಲೈಟ್ ಮಂಕಾದರೆ ಮೊದಲ ಅನುಮಾನ ಬ್ಯಾಟರಿ ಮೇಲೆ. ನಿಂತ ಕಾರಿನಲ್ಲಿ ಮಲ್ಟಿಮೀಟರ್ ಸುಮಾರು 12.6 ವೋಲ್ಟ್ ತೋರಿಸಿದರೆ ಫುಲ್ ಚಾರ್ಜ್, 12.2 ಅಂದ್ರೆ ಹತ್ತಿರ ಹತ್ತಿರ ಅರ್ಧ. ವೋಲ್ಟೇಜ್ ಬಿದ್ದರೆ ಇಮೊಬಿಲೈಸರ್ ಕೂಡ ತಪ್ಪು ಓದಬಹುದು.

2. ಲೈಟ್ ನೋಡಿ. ಇಗ್ನಿಷನ್ ಆನ್ ಮಾಡಿದಾಗ ಕೀ ಲೈಟ್ ಒಂದೆರಡು ಸೆಕೆಂಡಿನಲ್ಲಿ ಆರಿದರೆ ಸಾಮಾನ್ಯವಾಗಿ ಕೀ ಒಪ್ಪಿಗೆಯಾಗಿದೆ ಅಂತ. ಆಗ ಪೆಟ್ರೋಲ್ ಪಂಪ್ ಕಡೆ ಹೋಗಿ. ಮಿಟುಕುತ್ತಲೇ ಇದ್ದರೆ ಕೀ ಒಪ್ಪಿಗೆಯಾಗಿಲ್ಲ. ಕಾರು ಆಫ್ ಇದ್ದಾಗ ನಿಧಾನಕ್ಕೆ ಮಿಟುಕೋದು ಹಲವು ಕಾರುಗಳಲ್ಲಿ ಕಾವಲು ಇದೆ ಅನ್ನೋ ಗುರುತು. ನಿಮ್ಮ ಕಾರಿನದ್ದು ಮ್ಯಾನುಯಲ್‌ನಲ್ಲಿ ನೋಡಿ.

3. ಕೀ ಗೊಂಚಲು ಬಿಚ್ಚಿ. ಚಿಪ್ ಇರೋ ಇನ್ನೊಂದು ಗಾಡಿಯ ಕೀ ಅಥವಾ ದಪ್ಪ ಲೋಹದ ರಿಂಗ್ ಪಕ್ಕದಲ್ಲಿದ್ದರೆ ಸಿಗ್ನಲ್ ಕೆಡಬಹುದು. ಒಂದೇ ಕೀ ಹಾಕಿ ನೋಡಿ.

4. ಎರಡನೇ ಕೀ ಹಾಕಿ. ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಇದೇ, ಖರ್ಚು ಸೊನ್ನೆ. ಅದರಿಂದ ಪ್ರತಿ ಸಲ ಸ್ಟಾರ್ಟ್ ಆದರೆ ಕಾಯಿಲ್, ವೈರಿಂಗ್, ಇಸಿಎಂ ಎಲ್ಲಾ ಸರಿ ಇವೆ, ಮೊದಲ ಕೀ ಕೆಟ್ಟಿದೆ. ಎರಡೂ ಕೀ ಸೋತರೆ ತೊಂದರೆ ಕಾರಿನ ಕಡೆ.

5. ಆಮೇಲೆ ವೈರ್. ಕಾಯಿಲ್ ಕನೆಕ್ಟರ್ ಸಡಿಲವಾ? ಇತ್ತೀಚೆಗೆ ಜಿಪಿಎಸ್ ಅಥವಾ ಸ್ಟೀರಿಯೋ ಹಾಕಿಸಿ ಸ್ಟೀರಿಂಗ್ ಕೆಳಗೆ ವೈರ್ ಕತ್ತರಿಸಿದ್ದಾರಾ? ಇಲಿ ಕಡಿದಿದೆಯಾ? ಫ್ಯೂಸ್ ಸರಿ ಇದೆಯಾ?

6. ಕೊನೆಗೆ ಸ್ಕ್ಯಾನರ್. ಪಿ0513 ಅಂದ್ರೆ ಕೀ ಸರಿಯಿಲ್ಲ ಅನ್ನೋ ಸಾಮಾನ್ಯ ಕೋಡ್. ಅದು ದೂರು ಮಾತ್ರ, ತೀರ್ಪಲ್ಲ. ಇಸಿಎಂ ಹೋಗಿದೆ ಅಂತ ಅದೊಂದರಿಂದ ಹೇಳೋಕಾಗಲ್ಲ. ಅಗ್ಗದ ಬ್ಲೂಟೂತ್ ಸ್ಕ್ಯಾನರ್‌ಗಳಿಗೆ ಎಷ್ಟೋ ಸಲ ಇಮೊಬಿಲೈಸರ್ ಒಳಗಿನ ಮಾಹಿತಿ ಸಿಗೋದೇ ಇಲ್ಲ.

ಇನ್ನೊಂದು ಮಾತು. ರಿಮೋಟ್ ಸೆಲ್ ಸತ್ತರೂ ಕೀ ತಿರುಗಿಸುವ ಕಾರು ಸ್ಟಾರ್ಟ್ ಆಗುತ್ತೆ; ಆ ಸೆಲ್ ಬಾಗಿಲಿನ ಲಾಕ್‌ಗೆ ಮಾತ್ರ. ಪುಶ್ ಬಟನ್ ಕಾರಾದರೆ, ಸೆಲ್ ಸತ್ತಾಗ ಹಲವು ಮಾಡೆಲ್‌ಗಳಲ್ಲಿ ರಿಮೋಟನ್ನೇ ಬಟನ್‌ಗೆ ತಾಗಿಸಿ ಒತ್ತಿದರೆ ಸಾಕು.

ನನ್ನ ಕಾರಿಗೆ ಏನಾಗಿತ್ತು?

ಅಪ್ಪನ ಆಪರೇಷನ್ ಚೆನ್ನಾಗಿ ಆಯ್ತು. ಹೊರಡುವಾಗ ಅಮ್ಮ ತಿಜೋರಿಯಿಂದ ಕೀ ತೆಗೆದು ಕೈಗಿಟ್ಟು, "ಗಾಡಿ ಅಲ್ಲಿ, ಕೀಲಿ ಇಲ್ಲಿ. ಇದ್ಯಾವ ಶಾಣ್ಯಾತನ ನಿಂದು?" ಅಂದಳು. ಪುಣೆಗೆ ಬಂದು ಆ ಕೀ ಹಾಕಿದೆ. ಹತ್ತು ಸಲಕ್ಕೆ ಹತ್ತು ಸಲ ಸ್ಟಾರ್ಟ್. ಹಳೇ ಕೀ ಬಿಚ್ಚಿ ನೋಡಿದರೆ ಚಿಪ್ ತನ್ನ ಗೂಡಿನಿಂದ ಜಾರಿ ಹಿಂದಕ್ಕೆ ಹೋಗಿತ್ತು. ಎರಡು ತಿಂಗಳ ಹಿಂದೆ ರಸ್ತೆ ಬದಿಯಲ್ಲಿ ಕೀಯ ಪ್ಲಾಸ್ಟಿಕ್ ಕವಚ ಬದಲಾಯಿಸಿದ್ದೆ. ಆಗ ಚಿಪ್ ಸರಿಯಾಗಿ ಕೂರಿಸಿರಲಿಲ್ಲ. ಮತ್ತೆ ಜಾಗಕ್ಕೆ ಕೂರಿಸಿದೆ, ಅಷ್ಟೇ. 35 ಸಾವಿರ ಉಳೀತು.

ಯಾರಾದರೂ "ಇಮೊಬಿಲೈಸರ್ ಬೈಪಾಸ್ ಮಾಡ್ಕೊಡ್ತೀನಿ" ಅಂದರೆ ಬೇಡ ಅನ್ನಿ. ಕಳ್ಳನಿಗೆ ಬಾಗಿಲು ತೆಗೆದಿಟ್ಟ ಹಾಗೆ ಅದು.

ನಮ್ಮಲ್ಲಿ ಎಷ್ಟೋ ಜನರ ಎರಡನೇ ಕೀ ಊರಿನ ಮನೆಯಲ್ಲೇ ಇರುತ್ತೆ. ಕಾರು ಕಳುವಾದರೆ ಇನ್ಶೂರೆನ್ಸ್‌ನವರು ಸಾಮಾನ್ಯವಾಗಿ ಎರಡೂ ಕೀ ಕೇಳ್ತಾರೆ, ಹಾಗಾಗಿ ಜೋಪಾನ ಮಾಡೋದು ಸರಿಯೇ. ಆದರೆ ಕಾರಿರೋ ಊರಲ್ಲೇ ಜೋಪಾನ ಮಾಡಿ. ಮುಂದಿನ ಸಲ ಊರಿಗೆ ಹೋದಾಗ ಚಟ್ನಿಪುಡಿ ಜೊತೆ ಆ ಕೀನೂ ಬ್ಯಾಗಿಗೆ ಹಾಕ್ಕೊಂಡು ಬನ್ನಿ. ಬಂದ ದಿನಾನೇ ಅದರಿಂದ ಒಂದು ಸಲ ಕಾರು ಸ್ಟಾರ್ಟ್ ಮಾಡಿ ನೋಡಿ.