ಮನೆಯಂತೆ ಕಾಣುವ ದ್ವೀಪ

ಭೂಪಟದ ಪುಸ್ತಕವನ್ನು ತೆರೆದು ಬೆಂಗಳೂರಿನಿಂದ ನೇರ ಪಶ್ಚಿಮಕ್ಕೆ ಒಂದು ಗೆರೆಯನ್ನೆಳೆಯಿರಿ. ಅರಬ್ಬೀ ಸಮುದ್ರವನ್ನೂ ಆಫ್ರಿಕಾ ಖಂಡವನ್ನೂ ಅಟ್ಲಾಂಟಿಕ್ ಮಹಾಸಾಗರವನ್ನೂ ದಾಟಿದ ಆ ಗೆರೆ ವೆಸ್ಟ್ ಇಂಡೀಸ್ ದ್ವೀಪಗಳನ್ನು ಸಮೀಪಿಸುವಾಗ, ಅದರ ಪಕ್ಕದಲ್ಲಿಯೇ ಮೊಟ್ಟಮೊದಲು ಕಾಣಸಿಗುವ ನೆಲ ಬಾರ್ಬಡೋಸ್. ಉದ್ದ 34 ಕಿಲೋಮೀಟರು, ಅಗಲ 23. ನಮ್ಮ ಒಂದು ಸಾಮಾನ್ಯ ತಾಲ್ಲೂಕಿಗಿಂತ ಕಿರಿದಾದ ದ್ವೀಪ. 2024ರ ಜೂನ್ 29ರಂದು ಭಾರತ ತಂಡವು ಇಪ್ಪತ್ತು ಓವರುಗಳ ವಿಶ್ವಕಪ್ಪನ್ನು ಗೆದ್ದದ್ದು ಇಲ್ಲಿಯ ಕೆನ್ಸಿಂಗ್‌ಟನ್ ಓವಲ್ ಮೈದಾನದಲ್ಲಿ. ಅಂದು ತಂಡದ ತರಬೇತುದಾರರಾಗಿದ್ದ ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡರು ಮಗುವಿನಂತೆ ಕಪ್ಪನ್ನೆತ್ತಿ ಕೂಗಿದ ದೃಶ್ಯವನ್ನು ವಾಚಕರು ಮರೆತಿರಲಾರರು.

ಕಳೆದ ಜನವರಿಯಲ್ಲಿ ನಾನು ಲೆಸ್ಟರ್ ನಗರದ ನನ್ನ ಅಕ್ಕನ ಮನೆಯಲ್ಲಿದ್ದಾಗ, ನೆರೆಮನೆಯ ವೃದ್ಧ ದಂಪತಿಗಳು ಆರು ವರ್ಷದ ಮೊಮ್ಮಗನನ್ನು ಕರೆದುಕೊಂಡು ಈ ದ್ವೀಪಕ್ಕೆ ಹೊರಡುವ ಸನ್ನಾಹದಲ್ಲಿದ್ದರು. ಹೊರಗೆ ಮಂಜು ಬೀಳುತ್ತಿತ್ತು. ನಾನು ಅದೇ ಅಕ್ಷಾಂಶದ ಊರಿನವನೆಂದು ಭಾವನಿಂದ ತಿಳಿದ ಆ ತಾಯಿ ಸಲಹೆ ಕೇಳಲು ಚಹಕ್ಕೆ ಕರೆದರು. ಯಜಮಾನರಿಗೆ ಮಾತ್ರ ಅದು ಅನಾವಶ್ಯಕವೆನಿಸಿತ್ತು. “ಅವರಾಡುವುದು ಇಂಗ್ಲಿಷು, ವಾಹನ ಓಡಿಸುವುದು ರಸ್ತೆಯ ಎಡಬದಿಯಲ್ಲಿ, ಆಡುವುದು ಕ್ರಿಕೆಟ್ಟು. ನಮ್ಮೂರಿಗೇ ಹೋದ ಹಾಗೆ. ಕೇಳಿ ತಿಳಿಯುವುದೇನಿದೆ?” ಎಂದರು.

ಅವರ ಮಾತು ಪೂರ್ತಿ ಸುಳ್ಳಲ್ಲ. 1627ರಿಂದ 1966ರವರೆಗೆ ದ್ವೀಪವು ಬ್ರಿಟಿಷರ ಕೈಯಲ್ಲಿಯೇ ಇತ್ತು. ನಡುವೆ ಒಮ್ಮೆಯೂ ಇನ್ನೊಬ್ಬರ ವಶವಾಗಲಿಲ್ಲ. ‘ಪುಟ್ಟ ಇಂಗ್ಲೆಂಡ್’ ಎಂಬ ಅಡ್ಡಹೆಸರೇ ಅದಕ್ಕುಂಟು. ಆದರೆ ಅಪರಿಚಿತ ಊರಿನಲ್ಲಿ ಕಣ್ಣು ತೆರೆದು ನಡೆಯುವ ಮನುಷ್ಯ, ಪರಿಚಿತವೆನಿಸಿದ ಊರಿನಲ್ಲಿ ಕಣ್ಣುಮುಚ್ಚಿ ನಡೆಯುತ್ತಾನೆ. ಬ್ರಿಟಿಷ್ ಪ್ರವಾಸಿಗೆ ಅಲ್ಲಿ ಅಪಾಯವಿರುವುದು ಹೋಲಿಕೆ ಮುಗಿಯುವ ಎಡೆಗಳಲ್ಲಿ.

ಮೊದಲನೆಯದು ಬಿಸಿಲು. ಇದರಲ್ಲಿ ಮಾತ್ರ ನಾನು ಅಧಿಕಾರವಾಣಿಯಿಂದ ಮಾತನಾಡಬಲ್ಲವನಾಗಿದ್ದೆ. ನಮ್ಮಲ್ಲಿ ಹೊಲದಲ್ಲಿ ದುಡಿಯುವವನೂ ನಡುಹಗಲಿನಲ್ಲಿ ಹುಣಸೆಮರದ ನೆರಳಿಗೆ ಸರಿಯುತ್ತಾನೆ. ಆದರೆ ತಿಂಗಳುಗಟ್ಟಲೆ ಮೋಡವನ್ನೇ ಕಂಡು, ದುಡ್ಡು ತೆತ್ತು ಬಿಸಿಲಿಗೆ ಬಂದವನು ಅದರ ಒಂದು ಗಳಿಗೆಯನ್ನೂ ಬಿಡಲೊಲ್ಲ. ಮೇಲಾಗಿ ಅಲ್ಲಿ ಸಾಗರದ ಕಡೆಯಿಂದ ಎಡೆಬಿಡದೆ ಬೀಸುವ ವಾಣಿಜ್ಯ ಮಾರುತವು ಮೈಯನ್ನು ತಂಪಾಗಿಟ್ಟು ಮೋಸಮಾಡುತ್ತದೆ. ಚರ್ಮ ಸುಟ್ಟುಹೋಗಿರುವುದು ತಿಳಿಯುವುದು ಸಂಜೆ, ಅಂಗಿ ತಗುಲಿದಾಗ. ಬೆಳಗಿನ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ನೆರಳು. ನೀರಿಗಿಳಿಯುವಾಗಲೂ ಮಗುವಿಗೆ ತೋಳು ಮುಚ್ಚುವ ಅಂಗಿ. ಎರಡು ಗಂಟೆಗೊಮ್ಮೆ ಮುಲಾಮು. ಇಷ್ಟನ್ನು ಮೊದಲ ದಿನವೇ ಪಾಲಿಸದವರು ಉಳಿದ ದಿನಗಳನ್ನು ಹೋಟೆಲಿನ ಕೋಣೆಯಲ್ಲಿ ನರಳುತ್ತ ಕಳೆಯಬೇಕಾದೀತು. ಇಂಗ್ಲೆಂಡಿನ ಬೇಸಗೆಯ ದೀರ್ಘ ಸಂಜೆಯೂ ಅಲ್ಲಿಲ್ಲ. ವರ್ಷವಿಡೀ ಆರು ಗಂಟೆಯ ಆಸುಪಾಸಿನಲ್ಲಿ ಸೂರ್ಯ ಮುಳುಗಿ, ನಮ್ಮಲ್ಲಿಯಂತೆಯೇ ಕತ್ತಲೆ ಥಟ್ಟನೆ ಕವಿಯುತ್ತದೆ.

ಕಡಲಿಗೆ ಎರಡು ಮುಖ. ಪಶ್ಚಿಮ ತೀರದ ನೀರು ಕೆರೆಯಂತೆ ಶಾಂತ. ಪೂರ್ವ ತೀರದ ಬಾತ್‌ಶೀಬಾದಲ್ಲಿ, ಆಫ್ರಿಕಾದಿಂದ ಅಡೆತಡೆಯಿಲ್ಲದೆ ಬಂದ ಅಲೆಗಳು ಬಂಡೆಗಳಿಗೆ ಅಪ್ಪಳಿಸುತ್ತವೆ. ನೋಡಲು ಅದರಷ್ಟು ರಮಣೀಯವಾದ ತಾಣ ದ್ವೀಪದಲ್ಲಿ ಇನ್ನೊಂದಿಲ್ಲವೆಂದು ಹೋದವರೆಲ್ಲ ಹೇಳುತ್ತಾರೆ. ನೋಡಬೇಕು, ಈಜಬಾರದು, ನೀರಿನೊಳಗಿನ ಸೆಳೆತ ನುರಿತ ಈಜುಗಾರನನ್ನೂ ಒಯ್ದುಬಿಡಬಲ್ಲದು. ಯಾವ ತೀರದಲ್ಲಾಗಲಿ ಕೆಂಪು ಬಾವುಟ ಕಂಡರೆ ನೀರಿಗಿಳಿಯಬಾರದು.

ಇನ್ನು ನಾನು ಅವರಿಗೆ ಎರಡೆರಡು ಸಲ ಹೇಳಿದ ಸಂಗತಿ ಒಂದು ಮರದ್ದು. ಮ್ಯಾಂಚಿನೀಲ್ ಎಂದು ಅದರ ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ‘ಕಿರುಸೇಬು’ ಎಂಬರ್ಥದ ಶಬ್ದದಿಂದ ಬಂದದ್ದು. ಕಡಲಂಚಿನಲ್ಲಿಯೇ ಬೆಳೆದು ಒಳ್ಳೆಯ ನೆರಳು ಕೊಡುತ್ತದೆ. ಹಸುರು ಸೇಬಿನಂಥ ಪುಟ್ಟ ಹಣ್ಣುಗಳು ಮರಳಿನ ಮೇಲೆ ಉದುರಿರುತ್ತವೆ, ಪರಿಮಳವೂ ಉಂಟು. ಸೇಬಿನ ನಾಡಿನ ಮಗುವಿಗೆ ಇದಕ್ಕಿಂತ ಆಕರ್ಷಣೆ ಬೇಕೆ? ಆದರೆ ಮರದ ಅಂಗಾಂಗವೂ ವಿಷ. ಹಾಲು ತಗುಲಿದರೆ ಚರ್ಮ ಬೊಬ್ಬೆಯೇಳುತ್ತದೆ; ಮಳೆ ಬಂದಾಗ ಅದರಡಿಯಲ್ಲಿ ನಿಂತವರಿಗೆ ಎಲೆಯಿಂದ ತೊಟ್ಟಿಕ್ಕುವ ನೀರೇ ಸಾಕು; ಸೌದೆಯಾಗಿ ಸುಟ್ಟರೆ ಹೊಗೆ ಕಣ್ಣು ಕೆಡಿಸುತ್ತದೆ. 1999ರಲ್ಲಿ ಟೊಬೇಗೊ ದ್ವೀಪಕ್ಕೆ ರಜೆಗೆ ಹೋಗಿದ್ದ ಬ್ರಿಟನ್ನಿನ ವೈದ್ಯೆಯೊಬ್ಬರೂ ಅವರ ಗೆಳತಿಯೂ ಮರಳಿನಲ್ಲಿ ಬಿದ್ದಿದ್ದ ಈ ಹಣ್ಣನ್ನು ಕಚ್ಚಿದರು. ಮೊದಲು ಸಿಹಿ, ಆಮೇಲೆ ಮೆಣಸಿನ ಖಾರ, ಆಮೇಲೆ ಉರಿ. ಕೊನೆಗೆ ಗಂಟಲು ಕಟ್ಟಿ ಏನನ್ನೂ ನುಂಗಲಾಗದ ಸ್ಥಿತಿ. ನೋವು ಇಳಿಯಲು ಎಂಟು ಗಂಟೆ ಹಿಡಿಯಿತೆಂದು ಅವರೇ ಮರುವರ್ಷ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದಿದ್ದಾರೆ. ವೈದ್ಯರೇ ಮೋಸಹೋದರೆಂದ ಮೇಲೆ ಆರು ವರ್ಷದ ಹುಡುಗನ ಪಾಡೇನು! ಎಷ್ಟೋ ಕಡೆ ಈ ಮರದ ಕಾಂಡಕ್ಕೆ ಕೆಂಪು ಬಣ್ಣದ ಪಟ್ಟಿ ಬಳಿದಿರುತ್ತಾರೆ, ಫಲಕ ಹಾಕಿರುತ್ತಾರೆ. ಪಟ್ಟಿಯಿಲ್ಲದ ಮರವೂ ಇರಬಹುದಾದ್ದರಿಂದ, ಗುರುತರಿಯದ ಹಣ್ಣನ್ನು ಮುಟ್ಟದಿರುವುದೇ ಕ್ಷೇಮ.

ಇಷ್ಟು ಹೇಳುವ ವೇಳೆಗೆ ಆ ತಾಯಿ ಪೆಟ್ಟಿಗೆಯಿಂದ ಮೊಮ್ಮಗನ ಬಟ್ಟೆಗಳನ್ನು ತೆಗೆದು ತೋರಿಸಿದರು. ನಡುವೆ, ಸೈನಿಕರ ಉಡುಪಿನಂತೆ ಹಸುರು ಕಂದು ಮಚ್ಚೆಗಳ ಒಂದು ಚಡ್ಡಿ! ಬಾರ್ಬಡೋಸಿನಲ್ಲಿ ಸೈನಿಕರಲ್ಲದವರು ಇಂಥ ಬಟ್ಟೆ ತೊಡುವುದು ಕಾನೂನಿಗೆ ವಿರುದ್ಧ, ಮಕ್ಕಳಿಗೂ ವಿನಾಯಿತಿಯಿಲ್ಲ. ಹುಡುಗ ಅತ್ತ, ಚಡ್ಡಿ ಬೀರುವಿಗೆ ಮರಳಿತು. ಈಜುಡುಗೆಯಲ್ಲಿ ಪೇಟೆಗೆ ಬರುವುದನ್ನೂ ಅಲ್ಲಿಯ ಜನ ಮೆಚ್ಚುವುದಿಲ್ಲ. ಕಡಲಿಗೆ ಬೇರೆ ಬಟ್ಟೆ, ಅಂಗಡಿಗೆ ಬೇರೆ.

ಸಣ್ಣಪುಟ್ಟ ಸಂಗತಿಗಳೂ ಉಂಟು. ಅಲ್ಲಿಯ ವಿದ್ಯುತ್ತು 115 ವೋಲ್ಟಿನದು, ಪ್ಲಗ್ಗು ಅಮೆರಿಕದ ಮಾದರಿಯ ಚಪ್ಪಟೆ ಕಡ್ಡಿಗಳದ್ದು. ಮನೆಯ ಕೆಟಲನ್ನು ಹೊತ್ತೊಯ್ದು ಪ್ರಯೋಜನವಿಲ್ಲ. ಎರಡು ಬಾರ್ಬಡೋಸ್ ಡಾಲರಿಗೆ ಒಂದು ಅಮೆರಿಕನ್ ಡಾಲರು. ಅಂಗಡಿಯಲ್ಲಿ ಬರಿಯ ‘ಡಾಲರು’ ಎಂದಾಗ ಯಾವ ಡಾಲರೆಂದು ಕೇಳುವುದಕ್ಕೆ ನಾಚಬಾರದು. ನಲ್ಲಿಯ ನೀರು ಹವಳದ ಸುಣ್ಣಕಲ್ಲಿನಲ್ಲಿ ಸೋಸಿ ಬಂದದ್ದು, ಕುಡಿಯಬಹುದು. ಹಗಲು ಕಚ್ಚುವ ಸೊಳ್ಳೆಯಿಂದ ಡೆಂಗ್ಯೂ ಜ್ವರದ ಭಯವಿರುವುದರಿಂದ ಮೈಗೆ ಹಚ್ಚುವ ಔಷಧ ಬೇಕು; ಚಿಕಿತ್ಸೆಯ ವೆಚ್ಚ ಭರಿಸುವ ವಿಮೆಯೂ ಬೇಕು. ಬಿರುಗಾಳಿಯ ಕಾಲ ಜೂನಿನಿಂದ ನವೆಂಬರಿನವರೆಗೆ. ಪೂರ್ವದ ಅಂಚಿನಲ್ಲಿರುವ ಈ ದ್ವೀಪ ಎಷ್ಟೋ ಸಲ ಪಾರಾಗುತ್ತದೆ, ಆದರೆ ಸದಾ ಅಲ್ಲ. ಕಪ್ಪು ಗೆದ್ದ ನಮ್ಮ ತಂಡವೇ ಬೆರಿಲ್ ಚಂಡಮಾರುತದ ದೆಸೆಯಿಂದ ವಿಮಾನವಿಲ್ಲದೆ ಅಲ್ಲಿ ಸಿಕ್ಕಿಕೊಂಡಿತ್ತು.

ಯಜಮಾನರು ಇಷ್ಟನ್ನೂ ಸುಮ್ಮನೆ ಕೇಳಿ, “ರಾಜಧಾನಿಯಲ್ಲಿ ನೆಲ್ಸನ್ನನ ಪ್ರತಿಮೆಯಿದೆಯಂತೆ, ನಮ್ಮ ಲಂಡನ್ನಿನದಕ್ಕಿಂತ ಹಳೆಯದು, ಅದನ್ನು ನೋಡಬೇಕು” ಎಂದರು. ಇದ್ದದ್ದು ನಿಜ. 1813ರಲ್ಲಿ ಬ್ರಿಡ್ಜ್‌ಟೌನಿನಲ್ಲಿ ನಿಲ್ಲಿಸಿದ್ದ ಆ ಪ್ರತಿಮೆಯನ್ನು 2020ರ ನವೆಂಬರಿನಲ್ಲಿ ಇಳಿಸಿದರು. ಮರುವರ್ಷ ದ್ವೀಪವು ಗಣರಾಜ್ಯವಾಯಿತು. ಅದರ ಬದಲು, ಬಾಡಿಗೆ ಕಾರಿನಲ್ಲಿ ಹೋಗುವಾಗ ಹೆದ್ದಾರಿಯ ವೃತ್ತವೊಂದರಲ್ಲಿ, ಮುರಿದ ಸಂಕೋಲೆಯ ಕೈಗಳನ್ನೆತ್ತಿ ನಿಂತ ಕರಿಯ ಮನುಷ್ಯನ ಪ್ರತಿಮೆಯನ್ನು ನೋಡಿರೆಂದೆ. 1816ರಲ್ಲಿ ಗುಲಾಮರ ದಂಗೆಯ ಮುಂದಾಳಾಗಿದ್ದ ಬುಸ್ಸನ ಹೆಸರಿನಿಂದ ಜನ ಅದನ್ನು ಕರೆಯುತ್ತಾರೆ. ಇಂಗ್ಲೆಂಡಿನ ಚಹಕ್ಕೆ ಸಕ್ಕರೆ ಬಂದದ್ದು ಆ ಸಂಕೋಲೆಯ ಕೈಗಳಿಂದ. ಹಿರಿಯರು ತಮ್ಮ ಕೈಯಲ್ಲಿದ್ದ ಬಟ್ಟಲನ್ನು ನೋಡಿದರು. ನಾನೂ ನನ್ನದನ್ನು ನೋಡಿದೆ. ಅತಿಥಿಯಾಗಿ ಕುಳಿತವನು ಇಷ್ಟು ಹೇಳಬಹುದಿತ್ತೇ ಎಂಬ ಸಂಕೋಚ ಆ ರಾತ್ರಿ ನನ್ನನ್ನು ಕಾಡದಿರಲಿಲ್ಲ.

ಮಾರ್ಚಿಯಲ್ಲಿ ಅವರ ಪತ್ರ ಬಂದಿತು, ಯಜಮಾನರೇ ಬರೆದದ್ದು. ಮೊದಲ ದಿನ ಅಂಗಡಿಗೆ ಹೋಗಿ ನೇರವಾಗಿ ಹಾಲು ಎಲ್ಲಿದೆಯೆಂದು ಕೇಳಿದರಂತೆ. ಅಂಗಡಿಯ ಹೆಂಗಸು ಅವರನ್ನೇ ನೋಡಿ, ನಿಧಾನವಾಗಿ “ಗುಡ್ ಮಾರ್ನಿಂಗ್” ಎಂದಳಂತೆ. ಆಮೇಲೆ ತಿಳಿಯಿತು: ಅಂಗಡಿಯಾಗಲಿ ಬಸ್ಸಾಗಲಿ, ಒಳಗೆ ಕಾಲಿಟ್ಟವರು ಮೊದಲು ವಂದಿಸಬೇಕು, ಇಲ್ಲವಾದರೆ ಒರಟರೆಂದು ಎಣಿಕೆ. “ಇದನ್ನು ನೀವು ಹೇಳಲಿಲ್ಲ” ಎಂದು ಆಕ್ಷೇಪಿಸಿದ್ದರು. ನನಗೆ ತಿಳಿದಿರಲಿಲ್ಲ. ವೃತ್ತದಲ್ಲಿ ಕಾರು ನಿಲ್ಲಿಸಲು ಎಡೆಯಿರದೆ ಮೂರು ಸುತ್ತು ಸುತ್ತಿ ಬುಸ್ಸನನ್ನು ನೋಡಿದರಂತೆ. ಹುಡುಗ ಕೆಂಪು ಪಟ್ಟಿಯ ಮರಗಳನ್ನು ಹನ್ನೊಂದರವರೆಗೆ ಎಣಿಸಿದ್ದನಂತೆ.

ಮುಂದೆ ಹೋಗುವವರಿಗೆಂದು ಕೊನೆಯಲ್ಲಿ ಅವರೇ ಎರಡು ಮಾತು ಸೇರಿಸಿದ್ದರು. ದಡದ ಹವಳದ ತುಂಡನ್ನು ಅನುಮತಿಯಿಲ್ಲದೆ ಪೆಟ್ಟಿಗೆಗೆ ಹಾಕಬಾರದು. ಮರಳುವ ವಿಮಾನ ರಾತ್ರಿಯೆಲ್ಲ ಹಾರಿ ಬೆಳಗಿನ ಚಳಿಯಲ್ಲಿ ಇಳಿಸುವುದರಿಂದ, ಉಣ್ಣೆಯ ಕೋಟನ್ನು ದೊಡ್ಡ ಪೆಟ್ಟಿಗೆಯ ತಳಕ್ಕೆ ತುರುಕದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು.